ಇಳಿಸುವ ವಸ್ತಾದ

ರಾಮದುರ್ಗದ ಫಕೀರಪ್ಪ ವಸ್ತಾದರು ಕೂತೇಳುವ ಬೈಠಕ್ಕುಗಳನ್ನು ಮೇಲಿನಿಂದ ಕೆಳಕ್ಕೆ ಎಣಿಸುತ್ತಿದ್ದರು. ಬೇರೆ ಗರಡಿಮನೆಗಳಲ್ಲಿ ಒಂದು, ಎರಡು ಎಂದು ಶುರುವಾಗಿ ಐನೂರು, ಸಾವಿರದವರೆಗೆ ಲೆಕ್ಕ ಏರಿದರೆ, ಇವರಲ್ಲಿ ಮುನ್ನೂರು, ಇನ್ನೂರಾ ತೊಂಬತ್ತೊಂಬತ್ತು ಎಂದು ಶುರುವಾಗಿ ಒಂದಕ್ಕೆ ಬಂದು ನಿಲ್ಲುತ್ತಿತ್ತು. ಮೊದಲ ಸಲ ಕೇಳಿದವರಿಗೆ, ಈ ಮನುಷ್ಯನಿಗೆ ಸಾಲಿಯಲ್ಲಿ ಲೆಕ್ಕ ಉಲ್ಟಾ ಕಲಿಸಿದ್ದಾರೇನೋ ಅನ್ನಿಸುತ್ತಿತ್ತು. ದನಿ ಬೇರೆ ಸಣ್ಣದು. ಬಾಗಿಲು ತುಂಬುವ ಆ ಎದೆಯಿಂದ ನಗಾರಿಯಂಥ ಸದ್ದು ಬರುತ್ತದೆಂದು ಕಾದರೆ, ಮೀಸೆ ಮೊಳೆಯುತ್ತಿರುವ ಹುಡುಗನ ಒಡಕು ದನಿ ಬರುತ್ತಿತ್ತು. ನಾನೂ ಮೊದಲ ದಿನ ನಕ್ಕವನೇ.

ಪೈಲ್ವಾನರನ್ನು ತಯಾರು ಮಾಡುವ ವಸ್ತಾದರು ನಮ್ಮ ಕಡೆ ಬೇಕಾದಷ್ಟಿದ್ದರು. ಬೈಲಹೊಂಗಲದಲ್ಲಿ, ಕಿತ್ತೂರಿನಲ್ಲಿ, ಸವದತ್ತಿಯಲ್ಲಿ ಓಣಿಗೊಂದು ಗರಡಿ, ಗರಡಿಗೊಬ್ಬ ವಸ್ತಾದ. ಫಕೀರಪ್ಪನವರ ಕೆಲಸ ಮಾತ್ರ ಬೇರೆ. ಕುಸ್ತಿ ಬಿಡಬೇಕಾದ ಪೈಲ್ವಾನರನ್ನು ಅವರು ಇಳಿಸುತ್ತಿದ್ದರು. ದಿನಕ್ಕೆ ನೂರಾರು ದಂಡ, ಬೈಠಕ್ ಹೊಡೆದು, ಸೇರುಗಟ್ಟಲೆ ಹಾಲು, ಹಿಡಿ ಹಿಡಿ ಬದಾಮಿ ಅರಗಿಸಿಕೊಂಡ ದೇಹ, ಒಂದು ದಿನ ಧಡಕ್ಕನೆ ಸಾಮು ನಿಲ್ಲಿಸಿದರೆ ಸುಮ್ಮನೆ ಕೂರುವುದಿಲ್ಲ. ಸಾಮು ನಿಂತರೂ ಹಸಿವು ನಿಲ್ಲುವುದಿಲ್ಲ. ವರ್ಷ ತುಂಬುವುದರೊಳಗೆ ಕಲ್ಲಿನಂಥ ಮೈ ನೆನೆದ ಹತ್ತಿಯ ಅಂಡಿಗೆಯಾಗುತ್ತದೆ. ಆಮೇಲೆ ಸಕ್ಕರೆ ಬ್ಯಾನಿ, ಏದುಸಿರು, ಹಾಸಿಗೆ. ಫಕೀರಪ್ಪನವರ ಅಣ್ಣನೇ ಹಾಗೆ ಹೋಗಿದ್ದ. ಸಂಸ್ಥಾನದ ಕಾಲದಲ್ಲಿ ಹೆಸರು ಮಾಡಿದ ಪೈಲ್ವಾನ, ಲಗ್ನವಾದ ವಾರವೇ ಲಂಗೋಟಿಯನ್ನು ಗೂಟಕ್ಕೆ ಹಾಕಿದ, ಊಟವನ್ನು ಮಾತ್ರ ಹಾಗೇ ಉಳಿಸಿಕೊಂಡ. ನಲವತ್ತು ದಾಟುವ ಮುಂಚೆ ಹೋದ. ಕಡೆಯ ದಿನಗಳಲ್ಲಿ ಅವನನ್ನು ಎಬ್ಬಿಸಿ ಕೂರಿಸಲು ಮೂವರು ಬೇಕಾಗುತ್ತಿತ್ತಂತೆ.

"ಏರಸಾಕ ಊರಿಗೊಬ್ಬ ಅದಾನು. ಇಳಸಾಕ ಯಾರದಾರ ಹೇಳು?" ಎಂದು ಫಕೀರಪ್ಪನವರು ಕೇಳುತ್ತಿದ್ದರು. ಊರಿನವರು ಮಾತ್ರ ಆ ಗರಡಿಗೆ ಪಿಂಜರಾಪೋಳ ಎಂದು ಹೆಸರಿಟ್ಟಿದ್ದರು. ಮುದಿ ದನಗಳನ್ನು ಸಾಕುವ ಜಾಗಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ವಸ್ತಾದರಿಗೆ ಅದರಿಂದ ಬೇಸರವಿರಲಿಲ್ಲ. ಮುದಿ ಎತ್ತಿಗೂ ಹುಲ್ಲು ಹಾಕುವವ ಒಬ್ಬ ಬೇಕಲ್ಲ ಅನ್ನುತ್ತಿದ್ದರು. ಬೇಸರ ಇದ್ದದ್ದು ಅಲ್ಲಿ ಸೇರಿದ ನಮ್ಮಂಥ ಎತ್ತುಗಳಿಗೆ.

ಮುನವಳ್ಳಿಯಲ್ಲಿ ನಮ್ಮದು ಮಾರುತಿ ಗುಡಿಯ ಅರ್ಚಕರ ಮನೆತನ. ನಾನು ಮಂತ್ರ ಬಿಟ್ಟು ಮಾರುತಿಯ ತೊಡೆಗಳನ್ನಷ್ಟೇ ಧ್ಯಾನಿಸಿ ಬೈಲಹೊಂಗಲದ ಗರಡಿ ಸೇರಿದವನು. ಹಾಲು, ತುಪ್ಪ, ಬದಾಮಿ, ಜೋಳದ ರೊಟ್ಟಿಗಳಿಂದಲೇ ಮೈ ಕಟ್ಟಿ, ಸುತ್ತಲ ಕುಸ್ತಿಗಳಲ್ಲಿ ಗುಂಡಾಚಾರಿ ಪೈಲ್ವಾನ ಅನ್ನಿಸಿಕೊಂಡಿದ್ದೆ. ಇಪ್ಪತ್ತೇಳನೆಯ ವಯಸ್ಸಿಗೆ ಒಂದು ದಿನ ಬರೀ ತಾಲೀಮು ಮಾಡುವಾಗ ಬಲ ಮೊಣಕಾಲಿನಲ್ಲಿ ಕಟಕ್ ಎಂದಿತು. ಬೆಳಗಾವಿಯ ಡಾಕ್ಟರು ಇನ್ನು ಕುಸ್ತಿಯ ಮಾತು ಬೇಡ ಎಂದರು. ಬೈಲಹೊಂಗಲದ ನನ್ನ ವಸ್ತಾದರು, ರಾಮದುರ್ಗಕ್ಕೆ ಹೋಗು, ಫಕೀರಪ್ಪ ಇಳಿಸುತ್ತಾನೆ ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ನಾನೇನು ಗಿಡ ಹತ್ತಿ ಕೂತ ಬೆಕ್ಕೇ, ಯಾರೋ ಇಳಿಸಲಿಕ್ಕೆ? ಆದರೂ ರಾಮದುರ್ಗದಲ್ಲಿ ಸೋದರಮಾವನ ಮನೆ ಇತ್ತು, ಹೋದೆ.

ನಾನು ಹೋದಾಗ ಅವರು ಸೊಂಟದವರೆಗೆ ನೆಲದೊಳಗಿದ್ದರು. ಅವರದು ನೇಕಾರರ ಮನೆ. ಕುಣಿಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು, ಹಸಿರು ದಡಿಯ ಸೀರೆ ನೇಯುತ್ತಿದ್ದರು. ಮೊಣಕೈವರೆಗೂ ಮಣ್ಣು ಮೆತ್ತಿಕೊಂಡೇ ಹುಟ್ಟಿದಂಥ ಆ ಕೈಗಳಲ್ಲಿ ಲಾಳಿ ಇಲಿಮರಿಯಂತೆ ಓಡಾಡುತ್ತಿತ್ತು. ಹಿಂದಿನ ಪಡಸಾಲೆಯೇ ಗರಡಿ. ಮುಂಜಾನೆ ಎರಡು ತಾಸು ಆ ಮಣ್ಣು, ಉಳಿದ ಹೊತ್ತು ಈ ತಗ್ಗು. ಅವರು ತಲೆ ಎತ್ತದೆ, ದಿನಕ್ಕೆ ಎಷ್ಟು ಬೈಠಕ್ ಎಂದು ಕೇಳಿದರು. ಎಂಟುನೂರು ಎಂದೆ. ಆಗ ಲಾಳಿ ನಿಲ್ಲಿಸಿ ನನ್ನ ತೊಡೆಯನ್ನು ಅರೆಗಳಿಗೆ ನೋಡಿದರು.

"ಆರನೂರ," ಎಂದರು. "ನಾಳಿ ಮುಂಜಾನಿ ಬರ್ರಿ ಆಚಾರ್ರ. ಮುನ್ನೂರಲೆ ಚಾಲೂ ಮಾಡೂಣು."

ಆರುನೂರೇ ನಿಜ. ನಾಚಿಕೆಯಿಂದ ಸಾಯುವಂತಾಯಿತು. ಮನೆಯ ಪಡಸಾಲೆಯಲ್ಲಿ, ಪೇಟೆಯಲ್ಲಿ ನಾನು ಅವರಿಗೆ ಆಚಾರ್ರು, ಬಹುವಚನ. ಲಂಗೋಟಿ ಕಟ್ಟಿ ಗರಡಿಯ ಹೊಸ್ತಿಲು ದಾಟಿದ ಕೂಡಲೇ ಲೇ ಗುಂಡ್ಯಾ. ಮತ್ತೆ ಮೈ ಒರೆಸಿಕೊಂಡು ಹೊರಗೆ ಬಂದರೆ, ಆಚಾರ್ರ ಚಾ ಕುಡೀತೀರಿ? ಈ ಎರಡನ್ನೂ ಅವರು ಒಂದು ಸಲವೂ ಅದಲುಬದಲು ಮಾಡಿದ್ದಿಲ್ಲ.

ಇಳಿಸುವುದಕ್ಕೆ ಅವರದೊಂದು ಕಟ್ಟಳೆ ಇತ್ತು. ಪ್ರತಿ ಶನಿವಾರ ಹತ್ತು ಬೈಠಕ್ ಕಡಿಮೆ. ನನ್ನ ಮೊಣಕಾಲಿಗೆ ಕಂಬ ಹಿಡಿದು, ನೋವಾಗದಷ್ಟೇ ಬಗ್ಗಲು ರಿಯಾಯಿತಿ ಇತ್ತು, ಲೆಕ್ಕದಲ್ಲಿ ಇರಲಿಲ್ಲ. ಹತ್ತು ಬೈಠಕ್ ಹೋದರೆ ಖುರಾಕಿನಲ್ಲೂ ಅಷ್ಟು ಹೋಗಬೇಕು: ಈ ವಾರ ಅರ್ಧ ರೊಟ್ಟಿ, ಮುಂದಿನ ವಾರ ಒಂದು ಲೋಟ ಹಾಲು, ಅದರ ಮುಂದೆ ನಾಲ್ಕು ಬದಾಮಿ. ಕೊನೆಯ ಹತ್ತು ಬೈಠಕ್ಕುಗಳು ಮಾತ್ರ ದಿನಕ್ಕೊಂದರಂತೆ ಇಳಿಯಬೇಕು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ, ಇಳಿಯುವವನು ತಾನೇ ಎಣಿಸಬಾರದು. ನಾನು ಎಣಿಸಿಕೊಳ್ಳಬಲ್ಲೆ, ನೀವು ನೇಯ್ಗೆಗೆ ಹೋಗಿರಿ ಎಂದು ಒಮ್ಮೆ ದೊಡ್ಡಸ್ತಿಕೆ ತೋರಿಸಿದ್ದೆ.

"ತನ್ನ ಸಾಮು ತಾನ ಎಣಸಾವ ಏರೂಮುಂದ ಕಡಿಮಿ ಹೊಡಿತಾನ, ಇಳಿಯೂಮುಂದ ಹೆಚ್ಚ ಹೊಡಿತಾನ," ಎಂದರು ವಸ್ತಾದರು. "ಎರಡೂ ಕಳವ."

ಮೈ ಇಳಿಸುವುದು ಅರ್ಧ ಕೆಲಸ. ಪೈಲ್ವಾನನ ನಡಿಗೆ ಇರುತ್ತದಲ್ಲ, ಎರಡೂ ಬಗಲಲ್ಲಿ ಕಲ್ಲಂಗಡಿ ಹಿಡಿದುಕೊಂಡಂತೆ ಕೈ ಅಗಲಿಸಿಕೊಂಡು, ಸಂತೆಯ ಜನ ತಾವಾಗಿ ಸರಿಯಲಿ ಎಂದು ನಡೆಯುವುದು, ಅದನ್ನು ಬಿಡಿಸಲು ಅವರು ನಮ್ಮ ಕೈಗೆ ಕಾಯಿಪಲ್ಲೆಯ ಚೀಲ ಕೊಟ್ಟು ಸಂತೆಗೆ ಕಳಿಸುತ್ತಿದ್ದರು. ತುಂಬು ತೋಳಿನ ಅಂಗಿ ಹಾಕಬೇಕು, ಕೈ ಮೈಗೆ ಹತ್ತಿರ ಇರಬೇಕು, ಎದುರಿನಿಂದ ಯಾರೇ ಬಂದರೂ ನಾವೇ ಸರಿಯಬೇಕು. ತಾವು ಹಿಂದಿನಿಂದ ಬರುತ್ತಿದ್ದರು, ಸೊಸೆಯ ಹಿಂದೆ ಬರುವ ಅತ್ತೆಯಂತೆ. ನಾನು ಒಂದು ಮೆಂತ್ಯೆ ಸೂಡಿಗಾಗಿ ಎದೆ ಉಬ್ಬಿಸಿ ಚೌಕಾಸಿ ಮಾಡಿದ್ದಕ್ಕೆ ತಿರುಗಿ ಕಳಿಸಿ, ಸಣ್ಣ ದನಿಯಲ್ಲಿ ಕೇಳಿ ತರುವಂತೆ ಮಾಡಿದ್ದರು. ಆ ಮುದುಕಿ ನನ್ನ ಮೊದಲ ದನಿಗೆ ಹೆದರಿ ಒಂದು ಸೂಡು ಹೆಚ್ಚು ಹಾಕಿದ್ದಳು. ಎರಡನೆಯ ದನಿಗೆ ಅದನ್ನು ವಾಪಸು ಕಿತ್ತುಕೊಂಡಳು.

"ಮೊದಲ ಮೈ ಇಳಿತೈತಿ. ಆಮ್ಯಾಲ ಹೊಟ್ಟಿ. ಕಡೀಕ ಹೆಸರ," ಎನ್ನುತ್ತಿದ್ದರು. "ಹೆಸರ ಭಾಳ ಜಿಗುಟ."

ಅವರು ಹೇಳಿದ್ದು ನನ್ನ ಪಾಲಿಗೆ ನಿಜವಾಯಿತು. ನೂರಾ ನಲವತ್ತಕ್ಕೆ ಇಳಿದಿದ್ದಾಗ ಮುನವಳ್ಳಿಯಲ್ಲಿ ಕುಸ್ತಿಗಳೆಂದು ಸುದ್ದಿ ಬಂತು. ಹಿಂದೆ ನನ್ನೆದುರು ಕುಸ್ತಿ ಹಿಡಿಯುತ್ತಿದ್ದ ಹಳೆಯ ಜೋಡಿಯೊಬ್ಬ, ಗುಂಡಾಚಾರಿ ಈಗ ಪಿಂಜರಾಪೋಳದಲ್ಲಿ ಹುಲ್ಲು ಮೇಯುತ್ತಾನಂತೆ ಎಂದು ನಾಲ್ಕು ಜನರೆದುರು ಅಂದನಂತೆ. ಮಾವನಿಗೆ ತಂದೆಯವರನ್ನು ನೋಡಿ ಬರುತ್ತೇನೆಂದು ಹೇಳಿ ಬಸ್ಸು ಹತ್ತಿದೆ. ನೇರ ಮಣ್ಣಿಗಿಳಿದೆ. ಗೆದ್ದೆ ಕೂಡ. ಜನ ಹೆಗಲ ಮೇಲೆ ಹೊತ್ತರು, ತಲೆಗೆ ರುಮಾಲು ಸುತ್ತಿದರು, ಅದೇ ಗುಡಿಯ ಮುಂದೆ ನಮ್ಮ ತಂದೆ ಗಂಧದ ಕೈಯಲ್ಲೇ ನಿಂತು ನೋಡಿದರು. ಹೆಗಲ ಮೇಲಿಂದ ಇಳಿದಾಗ ಗೊತ್ತಾಯಿತು, ಬಲಗಾಲು ನೆಲಕ್ಕೆ ತಾಗುತ್ತಿಲ್ಲ.

ರಾಮದುರ್ಗಕ್ಕೆ ಕುಂಟುತ್ತ ಬಂದೆ. ಬೈಯುತ್ತಾರೆ, ಹೊಡೆಯುತ್ತಾರೆ ಎಂದು ತಯಾರಾಗಿ ಹೋಗಿದ್ದೆ. ವಸ್ತಾದರು ನನ್ನನ್ನು ಮಲಗಿಸಿ, ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚಿ ತಿಕ್ಕತೊಡಗಿದರು. ಹನ್ನೊಂದು ದಿನ ಮುಂಜಾನೆ ಸಂಜೆ ತಿಕ್ಕಿದರು. ಒಂದು ಮಾತಿಲ್ಲ. ಆ ಮೌನಕ್ಕಿಂತ ನಾಲ್ಕು ಏಟು ವಾಸಿಯಾಗಿತ್ತು. ಹನ್ನೆರಡನೆಯ ದಿನ ನನ್ನನ್ನು ಎಬ್ಬಿಸಿ ಕಂಬದ ಹತ್ತಿರ ನಿಲ್ಲಿಸಿದರು.

"ಮುನ್ನೂರ," ಎಂದರು.

ನೂರಾ ನಲವತ್ತರ ಮಾತೇ ಇಲ್ಲ. ಮತ್ತೆ ಮೇಲಿನಿಂದ. ಸೋತು ಬಂದಿದ್ದರೆ ನೂರಾ ನಲವತ್ತಕ್ಕೇ ಬಿಡುತ್ತಿದ್ದರಂತೆ. ಗೆದ್ದು ಬಂದವನಿಗೆ ಮೊದಲಿನಿಂದಲೇ ಆಗಬೇಕು ಎಂದು ಆಮೇಲೆ ಎಷ್ಟೋ ದಿನಕ್ಕೆ ಹೇಳಿದರು.

ಹೀಗೆ ಏಳು ತಿಂಗಳ ಕೆಲಸಕ್ಕೆ ನನಗೆ ವರ್ಷ ಹಿಡಿಯಿತು. ಕೊನೆಗೆ ಹತ್ತು, ಒಂಬತ್ತು ಎಂದು ಇಳಿದು ಐದಕ್ಕೆ ಬಂದಾಗ ಕೈ ಮುಗಿದು ಕೇಳಿಕೊಂಡಿದ್ದೆ, ಈ ಐದನ್ನಾದರೂ ನನಗೆ ಬಿಟ್ಟುಬಿಡಿ, ಸಾಯುವತನಕ ದಿನಾ ಇಷ್ಟೇ ಹೊಡೆದುಕೊಂಡಿರುತ್ತೇನೆ. ಅವರು ಕರಗಲಿಲ್ಲ. ಐದು ಉಳಿದವನಿಗೆ ಐನೂರರ ನೆನಪು ಉಳಿಯುತ್ತದೆ, ನಾಳೆ ನಾಲ್ಕು ಎಂದರು. ಕಡೆಯ ದಿನ ಒಂದೇ ಒಂದು. ಎದ್ದು ನಿಂತೆ. ಎಣಿಸಿದವನು ಮುಗಿಯಿತು ಎಂದು ಬಾಯಿಬಿಟ್ಟು ಹೇಳಬೇಕು, ಇಳಿದವನು ಎಣಿಸಿದವನ ಕಾಲು ಮುಟ್ಟಿ ಹೊರಗೆ ಹೋಗಬೇಕು. ಅದೇ ಅಲ್ಲಿಯ ಪದ್ಧತಿ. ಮುಗೀತು ಎಂದರು. ಕಾಲು ಮುಟ್ಟಿದೆ. ಹೊರಗೆ ಬಂದೆ.

ಮತ್ತೆ ತಿರುಗಿ ಹೋಗಲಿಲ್ಲ. ಸವದತ್ತಿಯ ಕಾಲುವೆ ಕಚೇರಿಯಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಮಲಪ್ರಭೆಯ ಕಾಲುವೆಗಳನ್ನು ಅಗೆಯುತ್ತಿದ್ದ ಆ ದಿನಗಳಲ್ಲಿ ಕಾಗದಗಳ ರಾಶಿಯೇ ರಾಶಿ. ಮದುವೆಯಾಯಿತು, ಮಗಳು ಹುಟ್ಟಿದಳು. ಮೈ ಸಣ್ಣಗಾಗಿತ್ತು, ಗಟ್ಟಿಯಾಗಿತ್ತು, ಹಸಿವು ಮನುಷ್ಯರ ಹಸಿವಿನಷ್ಟಿತ್ತು. ಇದೆಲ್ಲ ಯಾರಿಂದ ಎಂದು ಗೊತ್ತಿರಲಿಲ್ಲವೆಂದಲ್ಲ. ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿ. ನಾಲ್ಕು ವರ್ಷದಲ್ಲಿ ಒಂದು ಸಲ ಹೋಗಲಾಗಲಿಲ್ಲವೇ ಎಂದರೆ, ಆಗುತ್ತಿತ್ತು. ಹೋಗಲಿಲ್ಲ. ಆ ಕಂಬ, ಆ ಮಣ್ಣು ನೋಡುವುದು ನನಗೆ ಬೇಡವಾಗಿತ್ತು.

ಒಂದು ದಿನ ಬೆಳಗ್ಗೆ ಮನೆಯ ಕಟ್ಟೆಯ ಮೇಲೆ ವಸ್ತಾದರ ಹೆಂಡತಿ ಗಂಗವ್ವ ಬಂದು ಕುಳಿತಿದ್ದರು. ಎಲ್ಲಮ್ಮನ ಗುಡ್ಡಕ್ಕೆ ಹೋಗಿ ಬರುತ್ತೇನೆಂದು ಗಂಡನಿಗೆ ಹೇಳಿ ಬಂದಿದ್ದರಂತೆ. ಗುಡ್ಡ ಹತ್ತುವ ಮೊದಲು ನನ್ನ ಮನೆ ಹುಡುಕಿದ್ದರು. ನನ್ನ ಹೆಂಡತಿ ಕೊಟ್ಟ ನೀರು ಕುಡಿದು ವಿಷಯ ಹೇಳಿದರು. ವಸ್ತಾದರಿಗೆ ಎದೆನೋವು ಬಂದು ಹೋಗಿದೆ. ಸಾಮು ಬಿಡಬೇಕು, ಇಲ್ಲದಿದ್ದರೆ ಒಂದು ದಿನ ಆ ಮಣ್ಣಿನಲ್ಲೇ ಬೀಳುತ್ತೀರಿ ಎಂದು ಡಾಕ್ಟರು ಹೇಳಿದ್ದಾರೆ. ಅರವತ್ತಾರನೆಯ ವಯಸ್ಸಿನಲ್ಲಿ ಅವರು ಇನ್ನೂ ದಿನಾ ಇನ್ನೂರಾ ಐವತ್ತು ಬೈಠಕ್ ಹೊಡೆಯುತ್ತಿದ್ದರು. ಒಮ್ಮೆಗೇ ಬಿಟ್ಟರೆ ಅಣ್ಣನಂತೆ ಆಗುತ್ತೇನೆ ಅನ್ನುತ್ತಾರೆ, ಇಳಿಯೋಣವೆಂದರೆ ತನ್ನ ಲೆಕ್ಕ ತಾನು ಎಣಿಸಬಾರದು.

ಊರಿನಲ್ಲಿ ಎಣಿಸುವವರು ಯಾರೂ ಇಲ್ಲವೇ ಎಂದು ಕೇಳಿದೆ. ಹೊಣೆಯಿಂದ ಜಾರಿಕೊಳ್ಳುವ ಮಾತು ಅದು. ಈಗಲೂ ನಾಚಿಕೆಯಾಗುತ್ತದೆ.

"ಇಳಿದು ಹೋದಾವನ ಎಣಸಬೇಕಂತ್ರಿ," ಎಂದರು ಗಂಗವ್ವ. "ಎಷ್ಟ ಮಂದಿನ್ನ ಇಳಿಸಿ ಕಳಿಸಿದ್ರು. ಒಬ್ರೂ ಹೊಳ್ಳಿ ಬರಲಿಲ್ಲ ನೋಡ್ರಿ."

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಅವರು ಎದ್ದು ಗುಡ್ಡಕ್ಕೆ ಹೋದರು, ನಾನು ಕಚೇರಿಗೆ ಹೋದೆ. ಆ ದಿನ ಬರೆದ ಕಾಗದಗಳಲ್ಲಿ ಎಷ್ಟು ಕಾಲುವೆಗಳು ಗುಡ್ಡ ಹತ್ತಿದವೋ ದೇವರೇ ಬಲ್ಲ.

ಶನಿವಾರ ಮೊದಲ ಬಸ್ಸಿಗೆ ರಾಮದುರ್ಗಕ್ಕೆ ಹೋದೆ. ವಸ್ತಾದರು ಮಗ್ಗದಲ್ಲಿದ್ದರು. ತಲೆ ಪೂರಾ ಬೆಳ್ಳಗಾಗಿತ್ತು. ಎದೆ ಅದೇ ಬಾಗಿಲು ತುಂಬುವ ಎದೆ. ಬರ್ರಿ ಆಚಾರ್ರ, ಕುಂದರ್ರಿ ಎಂದರು, ನಿನ್ನೆ ಸಂಜೆ ಹೋದವನು ಇವತ್ತು ಬೆಳಗ್ಗೆ ಬಂದಂತೆ. ಮಗಳು ಆರಾಮೇ, ನೌಕರಿ ಹೇಗೆ ಎಂದೆಲ್ಲ ಕೇಳಿದರು. ಹೆಂಡತಿ ನನ್ನ ಹತ್ತಿರ ಬಂದಿದ್ದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿಲ್ಲದವರ ಹಾಗೆ ಇದ್ದರೋ. ಕೆಲಸದ ಮೇಲೆ ಬಂದಿರೇನು ಎಂದು ಕೇಳಿದರು.

"ಎಣಸಾಕ ಬಂದೇನ್ರಿ," ಎಂದೆ.

ಲಾಳಿ ನಿಂತಿತು. ಅವರು ಎರಡೂ ಕೈ ಊರಿ ತಗ್ಗಿನಿಂದ ಮೇಲೆ ಬಂದು, ಒಳಗೆ ಹೋಗಿ ಲಂಗೋಟಿ ಕಟ್ಟಿಕೊಂಡು ಮಣ್ಣಿನಲ್ಲಿ ನಿಂತರು. ಇನ್ನೂರಾ ಐವತ್ತು ಎಂದು ಶುರು ಮಾಡಿದೆ. ನನ್ನ ದನಿಯೂ ಅವತ್ತು ಒಡಕಾಗಿಯೇ ಬಂತು.

ಪ್ರತಿ ಶನಿವಾರ ಹೋಗುವುದು, ಹತ್ತು ಕಡಿಮೆ ಮಾಡುವುದು. ಉಳಿದ ದಿನಗಳ ಲೆಕ್ಕವನ್ನು ನನ್ನ ಪರವಾಗಿ ಗಂಗವ್ವ ರಾಟೆಯ ಮುಂದೆ ಕುಳಿತು ಕಿವಿಯಲ್ಲೇ ಇಡುತ್ತಿದ್ದರು. ಎಂಬತ್ತರವರೆಗೆ ಎಲ್ಲ ಸರಿಯಾಗಿತ್ತು. ವಸ್ತಾದರ ಮುಖದ ಬಿಳಿಚು ಹೋಗಿ, ಮೆಟ್ಟಿಲು ಹತ್ತಿದರೆ ನಿಂತು ಉಸಿರು ತೆಗೆದುಕೊಳ್ಳುವುದು ತಪ್ಪಿತ್ತು. ಆ ಶನಿವಾರ ಗಂಗವ್ವ ಅವರ ಎದುರಿನಲ್ಲೇ ಹೇಳಿದರು: ನೂಲಿಗೆ ಬಣ್ಣ ಹಾಕುವ ಛಪ್ಪರದ ಹಿಂದೆ ಹೋಗಿ ಇವರು ದಿನಾ ನಲವತ್ತು ಬೇರೆ ಹೊಡೆಯುತ್ತಿದ್ದಾರೆ. ನನಗೆ ತಡೆಯಲಾರದ ಸಿಟ್ಟು ಬಂತು. ಆದರೆ ಶಿಕ್ಷೆ ಏನು ಕೊಡುವುದು? ತಪ್ಪಿದವನಿಗೆ ಮತ್ತೆ ಮೇಲಿನಿಂದ ಶುರು ಎಂಬುದು ಅವರದೇ ಕಟ್ಟಳೆ. ಇವರಿಗೆ ಹಾಗೆಂದರೆ ಶಿಕ್ಷೆಯಲ್ಲ, ಹಬ್ಬ. ಆ ಮುದುಕ ನನ್ನ ಮುಖವನ್ನೇ ನೋಡುತ್ತಿದ್ದರು, ಎಲ್ಲಿ ಇನ್ನೂರಾ ಐವತ್ತು ಎಂದುಬಿಡುತ್ತೇನೋ ಎಂಬ ಆಸೆಯಿಂದ.

ಇನ್ನು ಎಣಿಸಲು ಬರುವುದಿಲ್ಲ ಎಂದು ಹೇಳಿ ಎದ್ದು ಬಂದೆ. ಎರಡು ಶನಿವಾರ ಹೋಗಲಿಲ್ಲ. ಆ ಎರಡು ವಾರ ನನಗೆ ಅನ್ನ ರುಚಿಸಲಿಲ್ಲ. ಎದೆನೋವಿನ ಮನುಷ್ಯ, ಹಟಕ್ಕೆ ಬಿದ್ದು ಸಾವಿರ ಹೊಡೆದುಬಿಟ್ಟರೆ? ಮೂರನೆಯ ವಾರದ ನಡುವೆ ಒಂದು ಮಧ್ಯಾಹ್ನ ಕಚೇರಿಯಲ್ಲಿ ಎಲ್ಲರೂ ಬರೆಯುವುದನ್ನು ನಿಲ್ಲಿಸಿ ಬಾಗಿಲ ಕಡೆ ನೋಡಿದರು. ತಲೆಗೆ ರುಮಾಲು, ಮೈಗೆ ತುಂಬು ತೋಳಿನ ಅಂಗಿ, ಚಪ್ಪಲಿಗಳನ್ನು ಹೊರಗೆ ಬಿಟ್ಟು, ಕೈಗಳನ್ನು ಮೈಗೆ ಒತ್ತಿಕೊಂಡು ವಸ್ತಾದರು ನಿಂತಿದ್ದರು.

"ಆಚಾರ್ರ, ನನ್ನ ಕಡಿಂದ ತಪ್ಪಾಗೇತಿ," ಎಂದರು, ಎಲ್ಲರಿಗೂ ಕೇಳುವಂತೆ. "ಎಂಬತ್ತ ಅದಾವು. ಒಂದೂ ಹೆಚ್ಚಿಲ್ಲ. ಬಂದು ಎಣಸ್ರಿ."

ಬಾಜೂ ಟೇಬಲ್ಲಿನವರು ಕುರಿಗಳ ವ್ಯವಹಾರವಿರಬೇಕು ಅಂದುಕೊಂಡರು. ನಾನು ಎದ್ದು ಅವರನ್ನು ಹೊರಗೆ ಕರೆದುಕೊಂಡು ಹೋದೆ. ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕುಳಿತೆವು. ಚಹಾದ ಕಪ್ಪು ಅವರ ಅಂಗೈಯಲ್ಲಿ ಕಾಣುತ್ತಲೇ ಇರಲಿಲ್ಲ. ನಲವತ್ತು ವರ್ಷ ಮಂದಿಗೆ ಹೇಳಿದ ಮಾತು ತನಗೇ ಹೇಳಿಕೊಳ್ಳಲು ಬರುತ್ತಿಲ್ಲ ಎಂದರು. ಮೈ ಒಪ್ಪಿದೆ, ಹೊಟ್ಟೆಯೂ ಒಪ್ಪಿದೆ, ಆದರೆ ಬೆಳಗಾದರೆ ಸಾಕು, ಫಕೀರಪ್ಪ ಮುಗಿದ ಎಂದು ಯಾರೋ ಅಂದಂತೆ ಕೇಳುತ್ತದೆ, ಕಾಲು ತಾನೇ ಛಪ್ಪರದ ಹಿಂದೆ ಹೋಗುತ್ತದೆ. ನಾನು ಮುನವಳ್ಳಿಗೆ ಕದ್ದು ಹೋದದ್ದು ನನಗೆ ಆಗ ನೆನಪಾಯಿತು, ಅವರಿಗೂ ಆಗಿರಬೇಕು. ಶನಿವಾರ ಬರುತ್ತೇನೆ ಎಂದೆ.

ಕೊನೆಯ ಹತ್ತು ದಿನಕ್ಕೆ ನಾನು ರಜೆ ಹಾಕಿ ರಾಮದುರ್ಗದಲ್ಲೇ ಉಳಿದೆ. ಒಂಬತ್ತು, ಎಂಟು, ಏಳು ಎಲ್ಲ ಸುಮ್ಮನೆ ಮಾಡಿದರು. ಐದರ ದಿನ ಮುಗಿಸಿ, ಬೆವರು ಒರೆಸಿಕೊಳ್ಳುತ್ತ, ಗರಡಿಯ ಗೂಡಿನಲ್ಲಿದ್ದ ಮಾರುತಿಯ ಕಡೆ ಕೈ ತೋರಿಸಿ, ಈ ಐದು ಇರಲಿ, ನನಗಾಗಿ ಅಲ್ಲ, ಅವನ ಸೇವೆಗೆ ಎಂದರು. ಅರ್ಚಕರ ಮನೆಯವನು, ದೇವರ ಹೆಸರು ಹೇಳಿದರೆ ಬಗ್ಗುತ್ತಾನೆಂದು ಸರಿಯಾಗಿಯೇ ಲೆಕ್ಕ ಹಾಕಿದ್ದರು. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಐದಲ್ಲ, ಐವತ್ತು ಕೊಟ್ಟುಬಿಡಬೇಕು ಅನ್ನಿಸಿತ್ತು. ನನಗೆ ಅಷ್ಟು ಬೇಕಾದ ಮನುಷ್ಯ ಅವರು. ಯಾರ ಮುಂದೆಯೂ ಬಗ್ಗದ ಆ ಮುಖ ಹಾಗೆ ಕೇಳುವುದನ್ನು ನೋಡಲಾಗಲಿಲ್ಲ. ಆದರೆ ಐದು ಕೊಟ್ಟರೆ ಹದಿನೈದಾಗುತ್ತದೆ, ಛಪ್ಪರ ಇನ್ನೂ ಅಲ್ಲೇ ಇದೆ.

"ನಾಳಿ ನಾಕ್ರಿ," ಎಂದೆ.

ಹೇಳಿ ಹಿತ್ತಲಿಗೆ ಹೋಗಿ ಅತ್ತೆ. ನನ್ನ ಸಲ ನಾನು ಐದು ಬೇಡಿದಾಗ ಇವರು ಎಲ್ಲಿಗೆ ಹೋಗಿ ಅತ್ತರೋ ಎಂಬ ವಿಚಾರ ಅಲ್ಲಿಯವರೆಗೆ ನನಗೆ ಬಂದಿರಲಿಲ್ಲ.

ಕಡೆಯ ದಿನ ಮುಂಜಾನೆ ಗಂಗವ್ವ ಗರಡಿಯ ಹೊಸ್ತಿಲ ಹೊರಗೆ ಬಂದು ನಿಂತಿದ್ದರು. ವಸ್ತಾದರು ಮಣ್ಣು ಮುಟ್ಟಿ ಹಣೆಗೆ ಹಚ್ಚಿಕೊಂಡು ನಿಂತರು. ಅವಸರವಿಲ್ಲದೆ ಕೆಳಗೆ ಹೋದರು, ಅವಸರವಿಲ್ಲದೆ ಮೇಲೆ ಬಂದರು. ಅಷ್ಟು ಚೆಂದದ ಬೈಠಕ್ ನಾನು ನೋಡಿಲ್ಲ. ಒಂದು ಎಂದೆ. ಮುಂದಿನ ಮಾತನ್ನು ನಾನು ಹೇಳಲಿಲ್ಲ. ಅವರು ಕಾದರು. ಆ ಮಾತು ಬರದೆ ಅವರು ಅಲ್ಲಿಂದ ಕದಲುವಂತಿರಲಿಲ್ಲ.

"ಹೇಳ್ಲೇ ಗುಂಡ್ಯಾ."

"ಮುಗೀತ್ರಿ," ಎಂದೆ.

ಅವರು ನನ್ನ ಕಾಲಿಗೆ ಬಗ್ಗಿದರು. ನಾನು ಹೌಹಾರಿ ಹಿಂದೆ ಸರಿದೆ. ನಿಂತ ಜಾಗದಲ್ಲೇ ನಿಲ್ಲು ಎಂದು ಗದರಿಸಿದರು. ಇದು ನಿನಗಲ್ಲ, ಎಣಿಸಿದವನಿಗೆ, ನೀನೇನು ದೊಡ್ಡ ಮನುಷ್ಯನಾದೆ ಎಂದು ತಿಳಿಯಬೇಡ ಎಂದರು. ನಿಂತೆ. ಅವರು ನನ್ನ ಪಾದ ಮುಟ್ಟಿ ಎದ್ದರು. ಮೈ ಒರೆಸಿಕೊಂಡು ಹೊಸ್ತಿಲು ದಾಟಿದ ಮೇಲೆ, ಬರ್ರಿ ಆಚಾರ್ರ, ನಾಷ್ಟಾ ಮಾಡೂಣು ಎಂದು ಕರೆದರು.

ಆಮೇಲೆ ತಿಂಗಳಿಗೊಮ್ಮೆಯಾದರೂ ಹೋಗಿ ಬರುತ್ತಿದ್ದೆ. ಅವರು ಸಣ್ಣಗಾಗುತ್ತ ಬಂದರು. ಎದೆ ಒಳಗೆ ಹೋಯಿತು, ಅಂಗಿಗಳು ದೊಡ್ಡವಾದವು. ಕೊನೆಯ ಸಲ ಹೋದಾಗ ಬಹಳ ಖುಷಿಯಲ್ಲಿದ್ದರು. ಸಂತೆಯಲ್ಲಿ ಬುಟ್ಟಿ ಹೊತ್ತ ಹೆಂಗಸೊಬ್ಬಳು, ಸರಿಯೋ ಯಜ್ಜಾ, ದಾರ್ಯಾಗ ನಿಂತಿ ಎಂದು ಇವರನ್ನು ಬೈದಳಂತೆ. ಇವರು ಸರಿದರಂತೆ. ಜೀವಮಾನದಲ್ಲಿ ಮೊದಲ ಸಲ ಅಂಥ ಮಾತು ಕೇಳಿದ್ದು ಎಂದು ಹೇಳಿ ಹೇಳಿ ನಕ್ಕರು. ಅದನ್ನು ಎರಡು ಸಲ ಹೇಳಿಸಿಕೊಂಡು ನಾನೂ ನಕ್ಕೆ. ಬಸ್ಸಿನವರೆಗೆ ಕಳಿಸಲು ಬಂದರು.

ಅದಾಗಿ ಹೆಚ್ಚು ದಿನ ಇರಲಿಲ್ಲ. ಮಧ್ಯಾಹ್ನ ಉಂಡು ಅಡ್ಡಾದವರು ಏಳಲಿಲ್ಲ. ನಾನು ಹೋಗುವುದರೊಳಗೆ ಎಲ್ಲ ಮುಗಿದಿತ್ತು. ಗಂಗವ್ವ ನನ್ನನ್ನು ಒಳಗೆ ಕರೆದು ಕೂರಿಸಿ, ನಾನು ಕೇಳದೆಯೇ ಹೇಳಿದರು.

"ನೀವು ಮುಗೀತು ಅಂದ ಮ್ಯಾಲ ಒಂದೂ ಹೊಡಿಲಿಲ್ರಿ. ದಿನಾ ಮುಂಜಾನಿ ಗರಡ್ಯಾಗ ಹೋಗಿ ಸುಮ್ಮ ನಿಂತಿರತಿದ್ರು. ನಾ ಬಾಗಲ ಸಂದಿಲೆ ನೋಡತಿದ್ನಿ. ತ್ವಡಿ ಥರಾ ಥರಾ ನಡಗತಿದ್ವು. ಆದ್ರ ಬಗ್ಗಲಿಲ್ಲ."

ಆಕೆ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದುದು ವಸ್ತಾದರಿಗೆ ಗೊತ್ತಿರಲಿಲ್ಲ. ಅವರ ಪಾಲಿಗೆ ಅಲ್ಲಿ ಎಣಿಸುವವರು ಯಾರೂ ಇರಲಿಲ್ಲ. ಒಂದು ದಿನವೂ ಅವರು ಕಳವು ಮಾಡಲಿಲ್ಲ.